ಹೆಸರಿಲ್ಲದ ಮೂರನೆಯ ಬಟನ್

ಇದರಲ್ಲಿ ಕೆಲವು ವಿವರಗಳು ತಪ್ಪಿರಬಹುದು. ಅವ್ವನ ಕಂಪ್ಯೂಟರಿನ ಪರದೆಯ ಮೇಲೆ ನಾನು ಮಾಡಿಕೊಟ್ಟ ಬಟನ್ನಿನ ಬಣ್ಣ ಹಸಿರು ಎಂದು ನನ್ನ ನೆನಪು. ಆ ಕಂಪ್ಯೂಟರ್ ಈಗಿಲ್ಲ, ನೋಡಿ ಹೇಳುವಂತಿಲ್ಲ. ಅಪ್ಪ ತೀರಿಕೊಂಡ ಮೇಲಿನ ಶಿವಗಣಾರಾಧನೆಯ ದಿನ ಅಕ್ಕನ ಗಂಡನನ್ನು ಊಟದ ಪಂಕ್ತಿಯಿಂದ ಎಬ್ಬಿಸಿದವರು ದೊಡ್ಡಪ್ಪ ಎಂದು ಎಷ್ಟೋ ವರ್ಷ ನಂಬಿದ್ದೆ. ಈಗೀಗ ‘ಏಳು’ ಎಂದ ಆ ಮಾತು ಅವ್ವನ ದನಿಯಲ್ಲಿ ಕೇಳಿಸುತ್ತದೆ. ಯಾವುದು ನಿಜವೋ ತಿಳಿಯದು. ಅವನು ನಮ್ಮ ಜಾತಿಯವನಲ್ಲ ಎಂದು ಎಬ್ಬಿಸಿದರು, ಅಕ್ಕನೂ ಎಲೆ ಬಿಟ್ಟು ಎದ್ದು ಹೋದಳು, ಮತ್ತೆ ಬರಲಿಲ್ಲ. ಇಷ್ಟು ಮಾತ್ರ ಖಚಿತ.

ಅವಳು ಹೆಬ್ಬಗೋಡಿಯಲ್ಲಿದ್ದಾಳೆಂದು ಗೊತ್ತಿತ್ತು, ಯಾವ ಬೀದಿಯೆಂದು ಗೊತ್ತಿರಲಿಲ್ಲ. ನಾನೂ ಅವ್ವನೂ ಹೂಡಿಯ ಫ್ಲ್ಯಾಟಿನಲ್ಲಿದ್ದೆವು. ಒಂದೇ ಊರಿನ ಎರಡು ಅಂಚು, ಆದರೂ ನನ್ನ ಫೋನನ್ನೂ ಅವಳು ಎತ್ತುತ್ತಿರಲಿಲ್ಲ.

ಹೇಗೋ ಅವಳ ಬ್ಲಾಗ್ ನನ್ನ ಕಣ್ಣಿಗೆ ಬಿತ್ತು. ತಾರಸಿಯ ಕುಂಡಗಳ ಫೋಟೋ, ಕೆಳಗೆ ನಾಲ್ಕು ಸಾಲು ಕನ್ನಡ. ಅವ್ವನಿಗೆ ತೋರಿಸಿದೆ. ದಾವಣಗೆರೆಯಲ್ಲಿ ಟೀಚರಾಗಿ ನಿವೃತ್ತಳಾದವಳು. ಆದರೂ ವಿಳಾಸ ಟೈಪು ಮಾಡಿ ಪುಟ ತೆರೆಯುವುದು ಅವಳಿಗೆ ಒಗ್ಗಲಿಲ್ಲ. ವೈಟ್‌ಫೀಲ್ಡಿನ ಕಚೇರಿಯಲ್ಲಿ ನಾನು ಪ್ರೋಗ್ರಾಮ್ ಬರೆಯುತ್ತಿದ್ದೆ. ಒಂದು ಭಾನುವಾರ ಅವಳಿಗಾಗಿಯೂ ಒಂದು ಬರೆದೆ. ಪರದೆಯ ಮೇಲೆ ಮೂರು ದೊಡ್ಡ ಬಟನ್: ಪತ್ರಿಕೆ, ಪಂಚಾಂಗ, ಅಕ್ಕನ ಬ್ಲಾಗ್. ಒತ್ತಿದರೆ ಬ್ರೌಸರ್ ತಾನಾಗಿ ಆ ಪುಟವನ್ನು ತೆರೆಯುತ್ತಿತ್ತು.

"ಮೂರನೇದಕ್ಕೆ ಹೆಸರು ಬರೀಬ್ಯಾಡ" ಎಂದಳು ಅವ್ವ. "ನಿಮ್ಮ ದೊಡ್ಡಪ್ಪ ಬಂದಾಗ ನೋಡ್ತಾರ."

ಒಮ್ಮೆ ನಾನು ಹೊಸದೊಂದು ಬ್ರೌಸರ್ ಹಾಕಿದಾಗ ಎಲ್ಲ ಪುಟಗಳೂ ಅದರಲ್ಲೇ ತೆರೆಯತೊಡಗಿದವು. ಅದಕ್ಕೆ ಕನ್ನಡ ಬರುತ್ತಿರಲಿಲ್ಲ. ಅಕ್ಕನ ಸಾಲುಗಳೆಲ್ಲ ಖಾಲಿ ಚೌಕಗಳಾಗಿ ಕಂಡವು. ಅವ್ವ ಕಚೇರಿಗೆ ಫೋನ್ ಮಾಡಿದಳು. ಸಂಜೆ ಬಂದು ಪುಟಗಳು ಮತ್ತೆ ಹಳೆಯ ಬ್ರೌಸರಿನಲ್ಲೇ ತೆರೆಯುವಂತೆ ಮಾಡಿದೆ, ಅಕ್ಷರಗಳು ಮರಳಿದವು. ಏನು ಕೆಟ್ಟರೂ ನಾನು ಸರಿ ಮಾಡಬಲ್ಲೆ ಎಂಬ ನಂಬಿಕೆ ಅವಳಿಗೆ ಬಂದದ್ದು ಅಂದು.

ಬಸಳೆ ಬಳ್ಳಿಯ ಒಂದು ಫೋಟೋವನ್ನು ಅವ್ವ ಬಹಳ ಹೊತ್ತು ನೋಡಿದಳು. ಬಳ್ಳಿಯ ಹಿಂದಿನ ತಂತಿಯ ಮೇಲೆ ಅಂಗೈಯಗಲದ ಒಂದು ಅಂಗಿ ಒಣಗುತ್ತಿತ್ತು. ನಾನು ಗಮನಿಸಿರಲಿಲ್ಲ. ಅವಳು ಒಂದೊಂದೇ ಅಕ್ಷರ ಹುಡುಕಿ ಪುಟದ ಕೆಳಗೆ ಓದುಗರು ಬರೆಯುವ ಜಾಗದಲ್ಲಿ ಟೈಪು ಮಾಡಿದಳು: "ಬಸಳೆ ಚಲೋ ಬಂದೈತಿ. ಕೂಸು ಗಂಡೋ ಹೆಣ್ಣೋ?" ಹೆಸರು ಹಾಕಲಿಲ್ಲ. ಅಕ್ಕನಿಗೆ ಗೊತ್ತಾಗುತ್ತದೆ, ಬಿಡು ಎಂದಳು. ನಿಮ್ಮ ಮಾತು ಬ್ಲಾಗಿನವರ ಒಪ್ಪಿಗೆಗೆ ಕಾಯುತ್ತಿದೆ ಎಂದು ಪರದೆ ತಿಳಿಸಿತು.

ಕೆಲವು ದಿನ ಬಿಟ್ಟು, ಬಟನ್ ಒತ್ತಿದರೆ ಒಂದೇ ಒಂದು ಇಂಗ್ಲಿಷ್ ಸಾಲು ಬಂತು: ಈ ಬ್ಲಾಗನ್ನು ತೆಗೆದುಹಾಕಲಾಗಿದೆ. ಅದನ್ನು ಓದುವಷ್ಟು ಇಂಗ್ಲಿಷ್ ಅವ್ವನಿಗೆ ಬರುತ್ತಿತ್ತು.

"ನಿನ್ನ ಬಟನ್ ಕೆಟ್ಟೈತಿ" ಎಂದಳು.

ಕೆಟ್ಟಿರಲಿಲ್ಲ. ಅಂಥ ಪ್ರೋಗ್ರಾಮಿನ ಕೆಲಸ ವಿಳಾಸವನ್ನು ಬ್ರೌಸರಿನ ಕೈಗೆ ಕೊಡುವುದು, ಅಷ್ಟೇ. ಕೊಟ್ಟ ಮೇಲೆ ಆ ಕಡೆ ಪುಟ ಇದೆಯೋ, ಯಾರಾದರೂ ಮುಚ್ಚಿದ್ದಾರೋ ಅದಕ್ಕೆ ಎಂದೂ ತಿಳಿಯುವುದಿಲ್ಲ. ತನ್ನ ಮಟ್ಟಿಗೆ ಕೆಲಸ ಆಯಿತು ಎಂದುಕೊಳ್ಳುತ್ತದೆ. ಕಚೇರಿಯಲ್ಲಿ ಗ್ರಾಹಕರಿಗೆ ಇದನ್ನು ಹೇಳಿ ನಿರಾಳವಾಗಿ ಫೋನ್ ಇಡುತ್ತಿದ್ದೆವು. ಅವ್ವನಿಗೂ ಹೇಳಿದೆ. ಅಕ್ಕನೇ ತೆಗೆದಿರಬೇಕು ಎಂದೂ ಹೇಳಿದೆ.

"ಅವತ್ತು ಚೌಕ ಬಂದಿದ್ವಲ್ಲ, ಸರಿ ಮಾಡಿದ್ದಿ. ಇದನ್ನೂ ಮಾಡು."

ನಾನು ಕಂಪ್ಯೂಟರಿನ ಮುಂದೆ ಕುಳಿತೆ. ಮಾಡುವಂಥದ್ದು ಏನೂ ಇರಲಿಲ್ಲ, ಆದರೂ ಕುಳಿತಿದ್ದೆ. ಅವ್ವ ಹಿಂದೆ ನಿಂತಿದ್ದಳು.

ಆಮೇಲೂ ಪ್ರತಿದಿನ ಲಿಂಗಪೂಜೆ ಮುಗಿಸಿ ಬಂದು ಮೂರನೆಯದನ್ನೇ ಮೊದಲು ಒತ್ತುತ್ತಿದ್ದಳು. ಬ್ರೌಸರ್ ಒಮ್ಮೆಯೂ ತಪ್ಪದೆ ತೆರೆಯುತ್ತಿತ್ತು. ಬಟನ್ ತೆಗೆದುಬಿಡಲೇ ಎಂದು ಕೇಳಿದಾಗ ಅದನ್ನೇ ಇನ್ನೊಮ್ಮೆ ಒತ್ತಿದಳು. ಆಸ್ಪತ್ರೆಗೆ ಸೇರುವ ದಿನವೂ ಒತ್ತಿದ್ದಳೆಂದು ನೆನಪು. ಇದು ನಾನು ಆಮೇಲೆ ಸೇರಿಸಿಕೊಂಡದ್ದೂ ಆಗಿರಬಹುದು.

ಅವ್ವ ಹೋದ ಸುದ್ದಿಯನ್ನು ಅಕ್ಕನ ಹಳೆಯ ಇಮೇಲಿಗೆ ಬರೆದೆ. ಪತ್ರ ವಾಪಸು ಬರಲಿಲ್ಲ, ಉತ್ತರವೂ ಬಂದಿಲ್ಲ. ಕೊನೆಯಲ್ಲಿ ಒಂದೇ ಒಂದು ಪ್ರಶ್ನೆ ಕೇಳಿದ್ದೆ: ಅಕ್ಕಾ, ನೀನು ಬ್ಲಾಗ್ ಮುಚ್ಚಿದ್ದು ಅವ್ವ ಬರೆದದ್ದನ್ನ ಓದಿದ ಮೇಲಾ, ಓದೋಕಿಂತ ಮುಂಚೆನಾ?