ಹಿಡಿದವರದ್ದೇ ಚೆಂಡು

ಬ್ಲ್ಯಾಕ್‌ಟೌನಿನಲ್ಲಿ ನಮ್ಮ ಪಕ್ಕದ ಮನೆಯಲ್ಲಿದ್ದ ಧಾರವಾಡದ ಅಂಕಲ್‌ಗೆ ಬೇಸ್‌ಬಾಲ್ ಹುಚ್ಚು. ಸೀಸನ್ ಹತ್ತಿರ ಬಂತೆಂದರೆ ಚರ್ಮದ ಗ್ಲೌಸಿಗೆ ಕೊಬ್ಬರಿ ಎಣ್ಣೆ ತಿಕ್ಕುತ್ತ ಬಾಗಿಲಲ್ಲಿ ಕೂರುತ್ತಿದ್ದರು. ಎಷ್ಟು ಓವರಿನ ಮ್ಯಾಚು ಎಂದು ಯಾರಾದರೂ ಕೇಳಿದರೆ ಸಾಕು, ಬೆರಳು ಆಡಿಸಿ, "ಇದು ಕ್ರಿಕೆಟ್ ಅಲ್ರೀ" ಅನ್ನುತ್ತಿದ್ದರು. "ಇಲ್ಲಿ ಮಂದ್ಯಾಗ ಬಂದ ಬಾಲು ಹಿಡದವ್ರದ್ದ. ವಾಪಸ್ ಕೊಡಂಗಿಲ್ಲ. ನನಗೂ ಒಂದು ಸಿಗತೈತಿ, ನೋಡ್ತಿರ್ರಿ." ಅದಕ್ಕೆಂದೇ ಶೋಕೇಸಿನಲ್ಲಿ ಜಾಗ ಖಾಲಿ ಬಿಟ್ಟಿದ್ದರು.

ಒಂದು ವರ್ಷ ಸೀಸನ್ನಿನ ಮೊದಲ ಪಂದ್ಯಕ್ಕೆ ನನ್ನನ್ನೂ ಕರೆದೊಯ್ದರು. ಬ್ಯಾಟಿಗೆ ತಾಗಿದ ಚೆಂಡೊಂದು ಮೇಲೆದ್ದು ನೇರ ನಮ್ಮತ್ತಲೇ ಬಂತು. ಅಂಕಲ್ ಎದ್ದು ನಿಂತು ಗ್ಲೌಸಿನಲ್ಲಿ ಚೊಕ್ಕವಾಗಿ ಹಿಡಿದರು. ಹಿಡಿದದ್ದೇ ತಡ, ಬಲಗೈ ಅದನ್ನು ಎತ್ತಿ ಮೈದಾನಕ್ಕೆ ಎಸೆದುಬಿಟ್ಟಿತು, ಧಾರವಾಡದಲ್ಲಿ ಬೌಂಡರಿ ದಾಟಿ ಬಂದ ಚೆಂಡನ್ನು ಫೀಲ್ಡರಿಗೆ ಎಸೆಯುತ್ತಿದ್ದ ಹಾಗೆ.

ಸುತ್ತಲಿನವರೆಲ್ಲ ಹೋ ಎಂದು ನಕ್ಕರು. ಹಿಂದಿನಿಂದ ಯಾರೋ, "ಇಟ್ ವಾಸ್ ಯುವರ್ಸ್, ಮೇಟ್!" ಎಂದು ಕೂಗಿದರು. ಅಂಕಲ್ ಕಿವಿ ಕೆಂಪಾದವು. ನನಗೂ ಅವರ ಮುಖ ನೋಡಲಾಗಲಿಲ್ಲ. ಪಂದ್ಯ ಮುಗಿಯುವವರೆಗೂ ಹಣೆಗೆ ಎಳೆದುಕೊಂಡ ಟೋಪಿಯನ್ನು ಅವರು ಮೇಲೆತ್ತಲಿಲ್ಲ.

ಕಾರಿನಲ್ಲಿ ಕೂತ ಮೇಲೆ, ಸ್ಟಿಯರಿಂಗ್ ಮೇಲಿದ್ದ ತಮ್ಮ ಬಲಗೈಯನ್ನೇ ಬಹಳ ಹೊತ್ತು ನೋಡಿ, ಮೆಲ್ಲಗೆ ಅದಕ್ಕೆ ಹೇಳಿದರು: "ಇದು ಕ್ರಿಕೆಟ್ ಅಲ್ಲಲೇ."