ಅಣೆಕಟ್ಟಿನ ಕೋಣೆಯ ಮೇಷ್ಟ್ರು

ನೀರು ಬಿಡುವವರು ಬೇರೆ, ನೀರು ಬರುತ್ತದೆಂದು ಹೇಳುವವರು ಬೇರೆ. ಈ ಎರಡನೆಯ ಕೆಲಸವನ್ನು ಅಣೆಕಟ್ಟಿನ ನಿಯಂತ್ರಣ ಕೋಣೆಯಲ್ಲಿ ಮೂವತ್ತಾರು ವರ್ಷ ನಡೆಸಿ ಈ ತಿಂಗಳು ನಿವೃತ್ತರಾಗುತ್ತಿರುವ ಹಿರಿಯ ದೂರವಾಣಿ ನಿರ್ವಾಹಕರನ್ನು ಇಲಾಖೆಯಲ್ಲಿ ಎಲ್ಲರೂ ‘ಮೇಷ್ಟ್ರು’ ಎಂದೇ ಕರೆಯುವುದು. ಅವರು ಯಾವ ಶಾಲೆಯಲ್ಲೂ ಪಾಠ ಹೇಳಿದವರಲ್ಲ. ಗೇಟು ತೆರೆಯುವ ಮೊದಲು ನದಿದಂಡೆಯವರಿಗೂ ಪೊಲೀಸರಿಗೂ ಫೋನು ಮಾಡಿ, “ಈಗ ನಾನೇನಂದೆ, ಹೇಳಿ ನೋಡೋಣ” ಎಂದು ಒಪ್ಪಿಸಿಕೊಳ್ಳದೆ ಫೋನು ಇಟ್ಟವರಲ್ಲ. ಇದರಿಂದ ಸಿಡಿಮಿಡಿಗೊಂಡ ಪೊಲೀಸ್ ಅಧಿಕಾರಿಯೊಬ್ಬರು ಮೇಲಿನವರಿಗೆ ದೂರಿತ್ತರು. ಮರುವಾರ ಮೇಷ್ಟ್ರು ಆ ಮೇಲಿನವರಿಂದಲೂ ಒಪ್ಪಿಸಿಕೊಂಡರು.

ಕೆಳಬೀದಿಯ ನಲವತ್ತೆರಡು ಮನೆಯವರು ಆಸ್ಪತ್ರೆ, ಹೋಟೆಲುಗಳ ಬಟ್ಟೆಗಳನ್ನು ನದಿಯಲ್ಲಿ ಒಗೆಯುವವರು. ಬೀದಿಯ ತುದಿಯ ಇಸ್ತ್ರಿ ಅಂಗಡಿಯ ಅಮ್ಮನವರು ಮೇಷ್ಟ್ರಿಗೆ ಪಾಠ ಒಪ್ಪಿಸಿ, ದಂಡೆಗೆ ಓಡಿ, ಎಲ್ಲರನ್ನೂ ಮೇಲೆ ಹತ್ತಿಸುತ್ತಿದ್ದರು.

ಎಂಟು ವರ್ಷಗಳ ಹಿಂದೆ ಸಂದೇಶ ವ್ಯವಸ್ಥೆ ಬಂತು. ಗುಂಡಿ ಒತ್ತಿದರೆ ನಾಲ್ಕು ಸಾವಿರ ಮೊಬೈಲುಗಳಿಗೆ ಎಚ್ಚರಿಕೆ. ಪ್ರತಿ ನಂಬರಿನ ಮುಂದೆ ಹಸಿರು ಅಕ್ಷರದಲ್ಲಿ ‘ತಲುಪಿದೆ’. ಮೊದಮೊದಲು ಮೇಷ್ಟ್ರು ಸಂದೇಶವನ್ನೂ ಕಳಿಸಿ ಫೋನನ್ನೂ ಮಾಡುತ್ತಿದ್ದರು. ಆಮೇಲೆ ಆ ಹಸಿರನ್ನು ನಂಬಿದರು. ನಂಬುವಂತೆ ಅವರನ್ನು ಗೇಲಿ ಮಾಡಿದವರು ಅದೇ ಕೋಣೆಯ ಸಹೋದ್ಯೋಗಿಗಳಾದ ನಾವು.

ಹಾಗೆ ನಂಬಿದ ಮೇಲೆ ಒಂದು ಮಧ್ಯಾಹ್ನ ಗೇಟು ತೆರೆದಾಗ ನಲವತ್ತೆರಡು ಮನೆಗೂ ಸಂದೇಶ ತಲುಪಿತ್ತು. ಒದ್ದೆಯಾದೀತೆಂದು ಮೊಬೈಲುಗಳನ್ನು ಮನೆಯಲ್ಲಿಟ್ಟು ಜನ ನೀರಿಗಿಳಿದಿದ್ದರು. ಏಳು ಮಂದಿ ಕೊಚ್ಚಿಹೋದರು. ಇಸ್ತ್ರಿ ಅಂಗಡಿಯ ಅಮ್ಮನವರ ಯಜಮಾನರೂ ಅವರಲ್ಲೊಬ್ಬರು. ಮೇಷ್ಟ್ರು ಆ ಮನೆಗೆ ಹೋದಾಗ ಆಕೆ ಬೈಯಲಿಲ್ಲ. “ಟಿಣ್ ಅಂತು. ಕೈಯಲ್ಲಿ ಇಸ್ತ್ರಿಪೆಟ್ಟಿಗೆ ಇತ್ತು, ಜಾಹೀರಾತು ಅಂದ್ಕೊಂಡೆ. ನೀವು ಫೋನ್ ಮಾಡ್ಲಿಲ್ವಲ್ಲ, ಇವತ್ತು ನೀರು ಬರಲ್ಲ ಅಂತ ಧೈರ್ಯವಾಗಿದ್ದೆ” ಎಂದರಷ್ಟೆ.

ವಿಚಾರಣೆಯಲ್ಲಿ ಮುಖ್ಯ ಎಂಜಿನಿಯರರು ಪರದೆಯ ಪ್ರತಿಯನ್ನು ಮುಂದಿಟ್ಟರು. “ತಲುಪಿದೆ ಅಂತ ಇಲ್ಲೇ ಇದೆಯಲ್ಲ. ಯಾಕ್ರೀ ಮೈಮೇಲೆ ಎಳ್ಕೊಳ್ತೀರಿ?”

“ನಾನು ಒಬ್ಬರಿಗಾದ್ರೂ ಫೋನ್ ಮಾಡಿದ್ನಾ ಸರ್? ಮಾಡ್ಲಿಲ್ಲ. ಅದನ್ನ ಬರ್ಕೊಳ್ಳಿ.”

ಅವರ ಬಡ್ತಿ ನಿಂತಿತು. ಇಲಾಖೆಯ ತಪ್ಪೇನೂ ಇಲ್ಲವೆಂದು ವರದಿ ಬಂತು. ಅಂದಿನಿಂದ ಪ್ರತಿ ಸಲ ಗೇಟು ತೆರೆಯುವ ಮುನ್ನ ಮೇಷ್ಟ್ರು ಯಾರ ಆದೇಶವೂ ಇಲ್ಲದೆ ಕೆಳಬೀದಿಯ ಅಷ್ಟೂ ಮನೆಗೆ ಫೋನು ಮಾಡಿ ಒಪ್ಪಿಸಿಕೊಂಡರು. ಮೊದಲ ಫೋನು ಅಮ್ಮನವರಿಗೆ. ಆಕೆ ಒಂದಕ್ಷರ ಬಿಡದೆ ಒಪ್ಪಿಸುತ್ತಿದ್ದುದನ್ನು ನಾವು ಪಕ್ಕದ ಮೇಜಿನಿಂದ ಕೇಳಿದ್ದೇವೆ.

ಮೇಷ್ಟ್ರ ನಿವೃತ್ತಿಯೊಂದಿಗೆ ಅವರ ಹುದ್ದೆಯೂ ರದ್ದಾಗುತ್ತಿದೆ. ಫೋನು ಮಾಡುವ ಕೆಲಸವನ್ನು ಇನ್ನೊಬ್ಬರಿಗೆ ವಹಿಸಿರೆಂದು ಅವರು ಬರೆದ ಮೂರು ಪತ್ರಗಳಿಗೆ ಉತ್ತರವಿಲ್ಲ. ಕಳೆದ ವಾರ ಅವರು ತಮ್ಮ ಸ್ವಂತ ಮೊಬೈಲಿನ ನಂಬರನ್ನು ಎಚ್ಚರಿಕೆಯ ಪಟ್ಟಿಗೆ ಸೇರಿಸಿಕೊಂಡರು. ಇನ್ನು ಮುಂದೆ ಎಲ್ಲರಂತೆ ಅವರಿಗೂ ಸಂದೇಶ ಬರುತ್ತದೆ; ಬಂದೊಡನೆ ಮನೆಯಲ್ಲೇ ಕೂತು ನಲವತ್ತೆರಡು ಫೋನು ಮಾಡುತ್ತಾರೆ.

ಹೀಗಿರುವಾಗ ಪೂಜ್ಯರಿಗೆ ವಿಶ್ರಾಂತ ಜೀವನವನ್ನು ಹಾರೈಸಲು ನಮಗೆ ಮುಖವಿಲ್ಲ. ಆಯುಸ್ಸನ್ನೂ ಆರೋಗ್ಯವನ್ನೂ ಬೇಡುತ್ತೇವೆ. ನಮಗಿಂತ ಗಟ್ಟಿಯಾಗಿ ಅದನ್ನು ಬೇಡುತ್ತಿರುವವರು ಕೆಳಬೀದಿಯವರು. ಮೇಷ್ಟ್ರಿಗೆ ಈಗಲೇ ಅರವತ್ತು ತುಂಬಿದೆಯೆಂದು ಅವರಿಗೂ ಗೊತ್ತು.