ಅರ್ಥವಿಲ್ಲದ ಪದಗಳನ್ನು ಓದಿಸುವ ಮಿಸ್

"ಲಬಟ... ಗಮಸ... ನಟಗ..."

ನಾನು ಕಿಟಕಿಯ ಹೊರಗೆ ನಿಂತು ಕೇಳುತ್ತಿದ್ದೆ. ಒಳಗೆ ಓದುತ್ತಿದ್ದವಳು ನನ್ನ ಮಗಳು ಸಿಂಚನ. ನಾಲ್ಕನೇ ಕ್ಲಾಸು.

ನಾನು ಓದಿದ್ದು ಐದನೇ ಕ್ಲಾಸಿನವರೆಗೆ ಮಾತ್ರ. ನನಗೆ ಗೊತ್ತಿಲ್ಲದ ದೊಡ್ಡ ಪದಗಳಿರಬಹುದು ಅಂದುಕೊಂಡೆ.

ಕ್ಲಾಸ್ ಮುಗಿಸಿ ಬಂದವಳನ್ನು ಕೇಳಿದರೆ, "ಅದಕ್ಕೆಲ್ಲ ಅರ್ಥನೇ ಇಲ್ವಂತೆ ಅಮ್ಮ, ಮಿಸ್ಸೇ ಹೇಳಿದ್ರು" ಅಂದಳು.

ಅವತ್ತಿನಿಂದ ನನಗೆ ಅನುಮಾನ.

ಸಿಂಚನ ಮನೆಯಲ್ಲಿ ಪಾಠವನ್ನು ಗಳಗಳ ಅಂತ ಒಪ್ಪಿಸುತ್ತಾಳೆ. ಸ್ಕೂಲಿನಲ್ಲಿ ಹೊಸ ಪುಟ ಕೊಟ್ಟರೆ ಬಾಯಿ ಕಟ್ಟಿ ಹೋಗುತ್ತದಂತೆ. ಅದು ಡಿಸ್ಲೆಕ್ಸಿಯಾ, ಬುದ್ಧಿ ಏನೂ ಕಮ್ಮಿ ಇಲ್ಲ, ಓದು ಬರಹವನ್ನು ಬೇರೆ ಥರ ಕಲಿಸಬೇಕು ಅಂತ ಸ್ಕೂಲಿನವರು ಈ ಮಿಸ್ ಹತ್ತಿರ ಕಳಿಸಿದರು. ಶನಿವಾರ ಮಧ್ಯಾಹ್ನ ಕುಶಾಲನಗರದಲ್ಲಿ ಕ್ಲಾಸು.

ಅಲ್ಲಿ ನಡೆಯುವುದೆಲ್ಲ ವಿಚಿತ್ರ. ಮರಳು ಹರಡಿದ ತಟ್ಟೆಯಲ್ಲಿ ಬೆರಳಿನಿಂದ ಬರೆಸುತ್ತಾರೆ. ಬರೆಯುವಾಗ ಆ ಅಕ್ಷರವನ್ನು ಬಾಯಲ್ಲೂ ಹೇಳಬೇಕು. ಕೊಂಬು, ದೀರ್ಘ ಎಲ್ಲ ಬೇರೆ ಬೇರೆ ಬಣ್ಣದಲ್ಲಿ. ಒಂದು ಗಟ್ಟಿಯಾಗುವ ತನಕ ಇನ್ನೊಂದಕ್ಕೆ ಹೋಗುವುದೇ ಇಲ್ಲ. ಒತ್ತಕ್ಷರ ಇನ್ನೂ ಶುರುವಾಗಿಲ್ಲ.

ನಾಲ್ಕನೇ ಕ್ಲಾಸಿನ ಹುಡುಗಿಗೆ ಮರಳಾಟ!

ಅವಳು ಓದುವುದನ್ನು ಫೋನಿನಲ್ಲಿ ರೆಕಾರ್ಡ್ ಬೇರೆ ಮಾಡಿಕೊಳ್ಳುತ್ತಾರೆ. ಯಾಕೆ? ಯಾರಿಗೆ ತೋರಿಸಲಿಕ್ಕೆ?

ಅತ್ತೆಗೆ ನನಗಿಂತ ಹೆಚ್ಚು ಅನುಮಾನ. "ಇಲ್ದಿರೋ ಕಾಯ್ಲೆ ಹೆಸ್ರು ಇಟ್ಟು ಮಗೂನ ದಡ್ಡಿ ಅಂತ ಸೀಲ್ ಹೊಡೀತಾರೆ ಕಣೇ. ನಾಳೆ ಮದ್ವೆ ಮಾತಾಡೋವಾಗ ಇದೇ ಮುಂದಕ್ಕೆ ಬರುತ್ತೆ. ನಿಲ್ಸ್ಬಿಡು" ಅಂದರು.

ನಿಲ್ಲಿಸುವುದು ಅಂತಲೇ ಹೋದ ಶನಿವಾರ ಹೊರಟೆ. ಆದರೆ ಎದುರು ನಿಂತು ಹೇಳುವ ಧೈರ್ಯ ನನಗೆಲ್ಲಿ... ಮತ್ತೆ ಕಿಟಕಿಯ ಹೊರಗೇ ನಿಂತೆ.

ಮಿಸ್ಸೇ ಹೊರಗೆ ಬಂದರು. "ಯಾಕಕ್ಕ, ಪೊಲೀಸ್ನೋರ ಥರ ಇಲ್ಲೇ ಕಾಯ್ತಾ ಇರ್ತೀರ?"

ತಲೆ ತಗ್ಗಿಸಿಕೊಂಡೇ ಆ ಪದಗಳ ಬಗ್ಗೆ ಕೇಳಿದೆ.

"ಗೊತ್ತಿರೋ ಪದ ಕೊಟ್ರೆ ಮೊದಲನೇ ಅಕ್ಷರ ನೋಡಿ, ಚಿತ್ರ ನೋಡಿ ಊಹೆ ಮಾಡ್ಬಿಡ್ತಾಳೆ ಅಕ್ಕ. ಇದ್ರಲ್ಲಿ ಊಹೆ ನಡೆಯಲ್ಲ. ಒಂದೊಂದೇ ಅಕ್ಷರ ಓದ್ಲೇಬೇಕು."

ನಾನು ನಂಬಲಿಲ್ಲ. "ನನ್ ಮಗ್ಳು ಬಸ್ ಬೋರ್ಡೆಲ್ಲ ಓದ್ತಾಳೆ ಮಿಸ್" ಅಂದೆ. ಸ್ವಲ್ಪ ಜೋರಾಗಿಯೇ ಬಂತು.

"ಓದ್ತಾಳಾ, ಗುರುತು ಹಿಡೀತಾಳಾ?" ಅಂತ ನಕ್ಕರು.

ಆ ನಗುವಿನ ಮೇಲೂ ನನಗೆ ಅನುಮಾನ.

ನಮ್ಮ ಕಡೆ ಪ್ರೈವೇಟ್ ಬಸ್ಸಿಗೆ ಬೋರ್ಡ್ ಓದಿ ಹತ್ತುವವರು ಕಮ್ಮಿ. ಬಣ್ಣ, ಹಾರ್ನು, ಗಾಜಿನ ಮೇಲಿನ ದೇವರ ಫೋಟೊ, ಡ್ರೈವರ್ ಮುಖ... ಇಷ್ಟು ಸಾಕು.

ಅವತ್ತು ನೀಲಿ ಬಸ್ಸು ಸ್ಟ್ಯಾಂಡಿಗೆ ಬಂದ ಕೂಡಲೇ ಸಿಂಚನ "ಸುಂಟಿಕೊಪ್ಪ ಬಸ್ಸು!" ಅಂತ ಓಡಿ ಹತ್ತಿದಳು. ಅವಳ ಹಿಂದೆ ನಾನೂ ಹತ್ತಿದೆ.

ಬಸ್ಸು ನಮ್ಮ ಸುಂಟಿಕೊಪ್ಪದ ದಾರಿ ಬಿಟ್ಟು ಕೂಡಿಗೆ ಕಡೆ ತಿರುಗಿದಾಗ ಎದ್ದು ನಿಂತು ಕಂಡಕ್ಟರನ್ನು ಕೂಗಿದೆ.

"ಇದು ಇವತ್ತು ಸೋಮವಾರಪೇಟೆಗೆ ಕಣಕ್ಕೋ! ಆ ರೂಟಿನ ಗಾಡಿ ಗ್ಯಾರೇಜಲ್ಲಿದೆ. ಅಷ್ಟು ದಪ್ಪಕ್ಕೆ ಬೋರ್ಡ್ ಹಾಕಿದೀವಿ, ತಾಯಿ ಮಗಳು ಇಬ್ರಿಗೂ ಕಾಣ್ಲಿಲ್ವಾ?" ಅಂದ ಕಂಡಕ್ಟರ್. ಬಸ್ಸಿನಲ್ಲಿದ್ದವರೆಲ್ಲ ನಕ್ಕರು.

ಮುಂದಿನ ಸ್ಟಾಪಿನಲ್ಲಿ ಇಳಿದೆವು. ನಾಚಿಕೆಯ ಸಿಟ್ಟನ್ನೆಲ್ಲ ಅವಳ ಮೇಲೆ ಹಾಕಿದೆ. "ದಿನಾ ಓದೋಳಿಗೆ ಇವತ್ತೇನಾಯ್ತು?"

ಅವಳು ತನ್ನ ಚಪ್ಪಲಿ ನೋಡುತ್ತಾ ನಿಂತಳು.

"ನಾನು ಬೋರ್ಡ್ ಯಾವತ್ತೂ ಓದಿಲ್ಲಮ್ಮ... ಬಸ್ ನೋಡಿ ಹೇಳ್ತಿದ್ದೆ. ಪಾಠನೂ ನೀನು ಓದಿ ಹೇಳಿದ್ದನ್ನ ಕೇಳಿ ಹೇಳ್ತಿದ್ದೆ. ನೀನು ಎಲ್ರತ್ರ ನನ್ ಮಗ್ಳು ಚೆನ್ನಾಗಿ ಓದ್ತಾಳೆ ಅಂತಿದ್ಯಲ್ಲ... ಅದಕ್ಕೆ."

ಇಷ್ಟು ದಿನ ಮಿಸ್ ಏನೋ ಮುಚ್ಚಿಡುತ್ತಿದ್ದಾರೆ ಅಂತ ಕಾಯುತ್ತಿದ್ದೆ. ಮುಚ್ಚಿಟ್ಟುಕೊಂಡು ಓಡಾಡುತ್ತಿದ್ದದ್ದು ಈ ಪುಟ್ಟ ಹುಡುಗಿ.

ಮನೆಗೆ ಬಂದ ಕೂಡಲೇ ಅತ್ತೆ, "ನಿಲ್ಸಿ ಬಂದ್ಯಾ?" ಅಂದರು.

"ಇಲ್ಲ ಅತ್ತೆ. ಕಳಿಸ್ತೀನಿ."

"ಯಾರೇ ನಿನ್ ಕಿವಿ ಊದಿದ್ದು?"

"ಯಾರೂ ಇಲ್ಲ. ಅವ್ಳಿಗೆ ಓದಕ್ಕೆ ಬರಲ್ಲ ಅತ್ತೆ."

ಮನೆಯಲ್ಲಿ ಆ ಮಾತನ್ನು ಬಾಯಿಬಿಟ್ಟು ಹೇಳಿದ್ದು ಅದೇ ಮೊದಲು. ಸಿಂಚನ ಅಲ್ಲೇ ಇದ್ದಳು. ಅಳುತ್ತಾಳೆ ಅಂದುಕೊಂಡೆ... ಅಳಲಿಲ್ಲ. ಇನ್ನೊಂದು ಸಲ ಸಾರು ಬಡಿಸಿಕೊಂಡು ಊಟ ಮಾಡಿದಳು.

ಇವತ್ತು ಶನಿವಾರ. ನಾನು ಕ್ಲಾಸಿನ ಒಳಗೇ, ಮೂಲೆಯ ಬೆಂಚಿನಲ್ಲಿ ಕೂತು ಇದನ್ನು ಬರೆಯುತ್ತಿದ್ದೇನೆ. ಮಿಸ್ ಮೇಲಿನ ಅನುಮಾನ ಪೂರ್ತಿ ಹೋಗಿಲ್ಲ. ಆ ರೆಕಾರ್ಡ್ ಯಾಕೆ ಅಂತ ಇವತ್ತು ಕೇಳಿಯೇ ಕೇಳುತ್ತೇನೆ.

ನಿಮ್ಮ ಮಕ್ಕಳು ನಿಜವಾಗಿ ಓದುತ್ತಾರಾ, ಇಲ್ಲ ನಿಮ್ಮ ಮುಖ ನೋಡಿ ಓದಿದ ಹಾಗೆ ಮಾಡುತ್ತಾರಾ... ನಿಮಗೆ ಹೇಗೆ ಗೊತ್ತಾಗುತ್ತದೆ?